ಬುಧವಾರದ ಈಜಿನ ತಾಸು

ಬುಧವಾರ ನಾನು ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಎಣ್ಣೆಗೂದಲ ಮೇಲೆ ಈಜಿನ ಟೊಪ್ಪಿಗೆ ನಿಲ್ಲುವುದಿಲ್ಲ, ಜಾರಿ ಹುಬ್ಬಿನ ತನಕ ಬರುತ್ತದೆ. ಆ ಬುಧವಾರವೂ ಒಣ ಕೂದಲನ್ನು ಗಂಟು ಹಾಕಿಕೊಂಡು ಚಪಾತಿ ಲಟ್ಟಿಸಿದೆ, ಬೀನ್ಸ್ ಪಲ್ಯದ ಡಬ್ಬಿ ಕಟ್ಟಿದೆ. ಮಗಳು ಕಾಲುಚೀಲದ ಜೋಡಿ ಸಿಗದೆ ಒಂದು ನೀಲಿ, ಒಂದು ಕಪ್ಪು ಹಾಕಿಕೊಂಡು ಶಾಲೆಗೆ ಹೋದಳು. ಗಂಡ ಸೈಕಲ್ಲಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪಕ್ಕದೂರು ರೈಸ್‌ವೈಕ್‌ನ ಆಫೀಸಿಗೆ ಹೊರಡುವ ಮುನ್ನ ಬಾಗಿಲಲ್ಲೇ ನಿಂತರು.

"ಇವತ್ತ ವೋಟಿಂಗ್, ಮರೀಬ್ಯಾಡ. ನಿನ್ನ ಈಜೋ ತಾಸು ಬಂದ್ ಮಾಡಾಕಿಗೆ ಹೋಗಿ ಹಾಕಿ ಬಾ."

"ನೀವು ಯಾರಿಗೆ ಹಾಕ್ತೀರಿ?"

"ನಂಗೆಲ್ಲಿ ಈಜ್ಲಿಕ್ಕೆ ಬರ್ತದ? ಸಂಜಿಗೆ ಬಂದು ನೋಡ್ತೀನಿ," ಎಂದು ನಗುತ್ತಾ ಹೋದರು.

ಅವರು ಚೇಷ್ಟೆ ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ನಾವಿರುವ ಈ ಡಚ್ ಊರಿನ ಈಜುಕೊಳದಲ್ಲಿ ಬುಧವಾರ ಬೆಳಿಗ್ಗೆ ಒಂದು ತಾಸು ಹೆಂಗಸರಿಗಷ್ಟೇ ಪ್ರವೇಶ. ನಾನು ನಡುವಯಸ್ಸಿನಲ್ಲಿ ಈಜು ಕಲಿತದ್ದು ಅಲ್ಲಿಯೇ. ನಾನು ಬೆಂಬಲಿಸುತ್ತಿದ್ದ ಅಭ್ಯರ್ಥಿ ಆ ತಾಸನ್ನು ತೆಗೆಸುತ್ತೇನೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಆ ಕರಪತ್ರವನ್ನು ನಮ್ಮ ಬೀದಿಯಲ್ಲಿ ಮನೆಮನೆಗೆ ಹಾಕಿದವಳು ನಾನು.

ಆ ಅಭ್ಯರ್ಥಿ ಇದ್ದದ್ದು ನಮ್ಮ ಬೀದಿಯ ಕೊನೆಯ ಮನೆಯಲ್ಲಿ. ರೈಲು ಹಳಿಯ ಕೆಳಗಿನ ಸೈಕಲ್ ಸುರಂಗದಲ್ಲಿ ದೀಪಗಳಿರಲಿಲ್ಲ. ಚಳಿಗಾಲದಲ್ಲಿ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗಬೇಕಾಗುತ್ತಿತ್ತು. ಯಾವ ಅಧಿಕಾರವೂ ಇಲ್ಲದ ದಿನಗಳಲ್ಲಿ ಆಕೆ ಒಂದೇ ಸಮನೆ ನಗರಸಭೆಗೆ ಅಲೆದು ಅಲ್ಲಿ ದೀಪ ಹಾಕಿಸಿದ್ದರು. ಈ ದೇಶದಲ್ಲಿ ಐದು ವರ್ಷ ಕಳೆದರೆ ಪಾಸ್‌ಪೋರ್ಟ್ ಯಾವುದೇ ಇರಲಿ, ನಗರಸಭೆಗೆ ಮತ ಹಾಕಬಹುದೆಂದು ನನಗೆ ತಿಳಿಸಿದವರೂ ಆಕೆಯೇ. ಮದುವೆಗೆ ಮುಂಚೆ ಅಪ್ಪ ಹೇಳಿದ ಗುರುತಿಗೆ, ಆಮೇಲೆ ಮಾವನವರು ಹೇಳಿದ ಗುರುತಿಗೆ ಹಾಕಿ ಬಂದವಳು ನಾನು. ಯಾರಿಗೆ ಹಾಕುತ್ತೀ ಎಂದು ನನ್ನನ್ನೇ ಕೇಳಲು ಒಬ್ಬರು ಬಾಗಿಲಿಗೆ ಬಂದದ್ದು ಅದೇ ಮೊದಲು.

ಕರಪತ್ರ ಓದಿದ ದಿನ ಆಕೆಯನ್ನು ಚಹಾಕ್ಕೆ ಕರೆದು, "ನಿಮ್ಮ ಒಂದು ಮಾತು ನನಗ ಒಪ್ಪಿಗಿಲ್ಲ," ಎಂದೆ. ನಾವು ಮಾತಾಡಿದ್ದು ಡಚ್ಚಿನಲ್ಲಿ. ಆದರೆ ನೆನಪಿನಲ್ಲಿ ಈ ಊರಿನವರೆಲ್ಲ ನಮ್ಮ ಧಾರವಾಡದ ಕನ್ನಡವನ್ನೇ ಆಡುತ್ತಾರೆ. ಎರಡೂ ಕಡೆ ಮಾತು ಅಷ್ಟೇ ನೇರ, ಅದಕ್ಕಿರಬಹುದು.

ಆಕೆಗೆ ಬೇಸರವಾಗಲಿಲ್ಲ. ಕುರ್ಚಿ ಮುಂದೆಳೆದುಕೊಂಡರು. "ಯಾವ ಮಾತು, ಹೇಳ್ರಿ."

ನಾನು ಓದಿದ್ದು ಸಿಸ್ಟರುಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ. ಕ್ರೀಡಾದಿನ ಕಂಪೌಂಡಿನ ಗೇಟು ಹಾಕುತ್ತಿದ್ದರು. ಒಳಗೆ ನಾವು ಲಂಗ ಎತ್ತಿ ಕಟ್ಟಿ ಓಡುತ್ತಿದ್ದೆವು, ಬೀಳುತ್ತಿದ್ದೆವು, ಕೂಗುತ್ತಿದ್ದೆವು. ಇದನ್ನೆಲ್ಲ ಹೇಳಿ, ಯಾರೂ ನೋಡದ ಒಂದು ತಾಸು ಸಿಕ್ಕರೆ ಹೆಂಗಸರು ಏನೇನೋ ಕಲಿಯುತ್ತಾರೆ ಎಂದೆ.

"ಶಾಲಿ ಬಿಟ್ಟ ಮ್ಯಾಲ ಓಡಿದ್ರಿ ಏನು?" ಎಂದು ಆಕೆ ಕೇಳಿದರು.

ನಾನು ಬಿಸ್ಕೆಟ್ಟಿನ ತಟ್ಟೆಯನ್ನು ಆಕೆಯ ಕಡೆ ಸರಿಸಿದೆ. ಓಡಿರಲಿಲ್ಲ. "ಓಡ್ಲಿಲ್ಲ ಖರೆ. ಆದ್ರ ಓಡ್ಲಿಕ್ಕೆ ಬರ್ತದ ಅಂತ ಗೊತ್ತದ," ಎಂದೆ.

"ಅಷ್ಟಕ್ಕ ಸಮಾಧಾನ ಆತೇನು ನಿಮಗ? ನಂಗ ಆಗೂದಿಲ್ಲ. ಗಂಡಸರ ಎದುರಿಗೇ ನೀವು ಈಜಬೇಕು, ಅವರು ಸುಮ್ಮನಿರೂದು ಕಲೀಬೇಕು. ಊರಿನ ಕೊಳಕ್ಕ ಪರದಿ ಯಾಕ?"

ಆ ರಾತ್ರಿ ಪಾತ್ರೆ ತೊಳೆಯುತ್ತಾ ಆಕೆಯ ಮಾತನ್ನು ತಿರುವಿ ತಿರುವಿ ನೋಡಿದೆ. ಸುಳ್ಳೆನ್ನಲು ಆಗಲಿಲ್ಲ, ನನ್ನದೆಂದು ಒಪ್ಪಿಕೊಳ್ಳಲೂ ಆಗಲಿಲ್ಲ. ಒಬ್ಬರ ಜೊತೆ ಇಷ್ಟೊಂದು ಭಿನ್ನಾಭಿಪ್ರಾಯ ಇಟ್ಟುಕೊಂಡು ಅವರ ಕರಪತ್ರ ಹಂಚಬಹುದೇ ಎಂಬ ಕುತೂಹಲದಲ್ಲೇ ನಾನು ಹಂಚಲು ಹೋದೆನೋ ಏನೋ.

ಮತದಾನದ ದಿನ ನಮ್ಮ ಬಡಾವಣೆಯ ಮತಗಟ್ಟೆ ಇದ್ದದ್ದು ಅದೇ ಈಜುಕೊಳದ ಕ್ಯಾಂಟೀನಿನಲ್ಲಿ. ಕ್ಯಾಂಟೀನಿಗೂ ಕೊಳಕ್ಕೂ ನಡುವೆ ಉದ್ದ ಗಾಜಿನ ಗೋಡೆ. ಹೆಂಗಸರ ತಾಸಿನಲ್ಲಿ ಅದಕ್ಕೆ ದಪ್ಪ ಬೂದು ಪರದೆ ಎಳೆಯುತ್ತಾರೆ. ಮೊದಲು ಈಜು, ಆಮೇಲೆ ಮತ ಎಂದು ಯೋಚಿಸಿ, ಅಂಚೆಯಲ್ಲಿ ಬಂದಿದ್ದ ಮತದಾರರ ಚೀಟಿಯನ್ನು ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟವೆಲ್ಲಿನ ಜೊತೆ ಒಯ್ದಿದ್ದೆ.

ನೀರಿನಲ್ಲಿ ಎಂದಿನ ಗುಂಪೇ ಇತ್ತು. ಪಕ್ಕದ ಮನೆಯ ವಯಸ್ಸಾದ ಡಚ್ ಹೆಂಗಸು ಕಣ್ಣು ಮುಚ್ಚಿ ಬೆನ್ನ ಮೇಲೆ ತೇಲುತ್ತಿದ್ದರು. ನನ್ನ ಜೊತೆಗಾತಿ ಮೊರೊಕ್ಕೊದ ಒಬ್ಬ ಅಜ್ಜಿ, ಮೊಮ್ಮಕ್ಕಳಿದ್ದಾಕೆ. ಅವಳು ಇನ್ನೂ ಗೋಡೆಯ ಕಂಬಿ ಬಿಟ್ಟಿರಲಿಲ್ಲ. ಅಂದು ಬಿಡುತ್ತೇನೆಂದು ಹೇಳಿ, ಒಂದೊಂದೇ ಬೆರಳು ತೆಗೆಯುತ್ತಿದ್ದಳು. ನಾನು ಅವಳ ಸೊಂಟದ ಕೆಳಗೆ ಅಂಗೈ ಇಟ್ಟಿದ್ದೆ. ಕೊನೆಯ ಬೆರಳೂ ಬಿಟ್ಟಿತು. ನಾನೂ ಕೈ ತೆಗೆದೆ. ಅವಳು ತೇಲಿದಳು, ಬಾಯಿ ಬಿಗಿದುಕೊಂಡು, ಚಾವಣಿಯನ್ನೇ ನೋಡುತ್ತಾ.

ಆಗ ಪರದೆ ಸರ್ರನೆ ಸರಿಯಿತು. ಕ್ಯಾಂಟೀನಿನಲ್ಲಿ ಕತ್ತಲೆ, ಚೀಟಿಯ ಸಣ್ಣಕ್ಷರ ಕಾಣುವುದಿಲ್ಲವೆಂದು ಮತಗಟ್ಟೆಯ ವಯಸ್ಸಾದ ಅಧಿಕಾರಿಯೊಬ್ಬರು ಬೆಳಕಿಗಾಗಿ ಎಳೆದುಬಿಟ್ಟಿದ್ದರು. ಗಾಜಿನಾಚೆ ಕೋಟು ತೊಟ್ಟ ಗಂಡಸರ ಸಾಲು, ಕೈಯಲ್ಲಿ ಕಾಫಿ ಲೋಟ. ಅವರೂ ಗಾಬರಿಯಾಗಿಯೇ ನಮ್ಮನ್ನು ನೋಡಿದರು. ಅಜ್ಜಿ ಮುಳುಗಿ, ಕೆಮ್ಮುತ್ತಾ ಎದ್ದು, ನನ್ನ ಬೆನ್ನ ಹಿಂದೆ ಅವಿತಳು. ಅವಳ ಉಗುರು ನನ್ನ ತೋಳಿಗೆ ನೆಟ್ಟಿತು.

ಸಾಲಿನಿಂದ ಒಬ್ಬರು ಹೊರಬಂದರು. ನಮ್ಮ ಅಭ್ಯರ್ಥಿ. ಅಧಿಕಾರಿಗೆ ಏನೋ ಹೇಳಿ ಪರದೆ ಎಳೆದರು. ಅದು ಅರ್ಧಕ್ಕೇ ಕೊಕ್ಕೆಗೆ ಸಿಕ್ಕಿಕೊಂಡಿತು. ಆಕೆ ತಡಮಾಡದೆ ಗಾಜಿಗೆ ಬೆನ್ನು ಕೊಟ್ಟು ನಿಂತು, ಕೋಟಿನ ಗುಂಡಿ ಬಿಚ್ಚಿ ಎರಡೂ ಸೆರಗನ್ನು ಅಗಲಕ್ಕೆ ಹಿಡಿದು, ಉಳಿದ ಸಂದಿಯನ್ನು ತುಂಬಿದರು. ಯಾರೋ ಕುರ್ಚಿ ಹತ್ತಿ ಕೊಕ್ಕೆ ಬಿಡಿಸುವವರೆಗೂ ಹಾಗೆಯೇ ನಿಂತಿದ್ದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಜ್ಜಿ ತಲೆ ಒರೆಸಿಕೊಳ್ಳುತ್ತಾ, "ಆ ಕೋಟಿನಾಕಿ ಯಾರು?" ಎಂದಳು. ಹೇಳಿದೆ. "ಹಂಗಾದ್ರ ನನ್ನ ವೋಟು ಆಕಿಗೇ."

ಸುಮ್ಮನಿರಬಹುದಿತ್ತು. ನನ್ನ ಅಭ್ಯರ್ಥಿಗೆ ಒಂದು ಮತ ಹೆಚ್ಚಾಗುತ್ತಿತ್ತು. ಆದರೆ ಕಂಬಿ ಬಿಟ್ಟ ಆ ಬೆರಳುಗಳು ಈಗ ಸ್ಕಾರ್ಫಿಗೆ ಪಿನ್ನು ಚುಚ್ಚುತ್ತಿದ್ದವು. "ಆಕಿ ಗೆದ್ರ ಈ ತಾಸು ತಗಸ್ತಾಳ," ಎಂದೆ.

ಅಜ್ಜಿಯ ಕೈ ನಿಂತಿತು. "ಹಂಗಿದ್ರ ನೀ ಯಾಕ ಆಕಿಗೆ ಹಾಕ್ತಿ, ಹುಚ್ಚಿ?"

ಸುರಂಗದ ದೀಪಗಳ ಬಗ್ಗೆ ಹೇಳಿದೆ. ಆಕೆ ಕೇಳಿಸಿಕೊಳ್ಳುವ ರೀತಿಯ ಬಗ್ಗೆಯೂ ಹೇಳಿದೆ.

"ನಾ ಬಸ್ಸಿನ್ಯಾಗ ಅಡ್ಡಾಡ್ತೀನಿ. ನಂಗ ಸುರಂಗ ಬ್ಯಾಡ, ನೀರು ಬೇಕು," ಎಂದಳು ಅಜ್ಜಿ. ಸಿಟ್ಟಿರಲಿಲ್ಲ. ಪಿನ್ನು ಚುಚ್ಚಿಕೊಂಡು ನನ್ನ ತೋಳು ಹಿಡಿದು ಹೊರಟಳು.

ಅಭ್ಯರ್ಥಿ ಮತ ಹಾಕಿ ಹೊರಬಾಗಿಲ ಬಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಥ್ಯಾಂಕ್ಸ್ ಎಂದೆ.

"ಥ್ಯಾಂಕ್ಸ್ ಯಾಕ? ಈ ತಾಸು ಹೆಂಗಸರದು ಅಂತ ಬೋರ್ಡಿನ ಮ್ಯಾಲ ಅದ. ಬೋರ್ಡ್ ಇರೂತನಕ ಅದು ನಿಮ್ದು. ನಾ ಬದಲಾಗೀನಿ ಅಂತ ತಿಳೀಬ್ಯಾಡ್ರಿ ಮತ್ತ."

"ನಾನೂ ಬದಲಾಗಿಲ್ಲ," ಎಂದೆ.

"ಛಲೋ ಆತು," ಎಂದು ಆಕೆ ಸೈಕಲ್ ಏರಿದರು.

ಮತಗಟ್ಟೆಯ ಮರೆಯ ಹಿಂದೆ ನಿಂತು ಮೇಜಿನಷ್ಟು ಅಗಲದ ಮತಪತ್ರ ಬಿಚ್ಚಿದೆ. ದಾರ ಕಟ್ಟಿದ ಕೆಂಪು ಪೆನ್ಸಿಲ್. ಆಕೆಯ ಹೆಸರಿನ ಪಕ್ಕ, ಮತ ಹಾಕಲು ತುಂಬಬೇಕಾದ ಒಂದು ಬಿಳಿ ಸುತ್ತು. ಶಾಲೆಯ ಪ್ರಗತಿಪತ್ರದಲ್ಲಿ ಸಿಸ್ಟರು ಅಂಕಗಳ ಪಕ್ಕ ಒಂದೆರಡು ಮಾತು ಬರೆಯಲು ಜಾಗ ಇರುತ್ತಿತ್ತು, ಇಲ್ಲಿ ಇರಲಿಲ್ಲ. ನನ್ನ ಜಡೆಯಿಂದ ಒಂದು ಹನಿ ಬಿದ್ದು ಬೇರೆ ಯಾರದೋ ಹೆಸರು ಉಬ್ಬಿತು. ಪಕ್ಕದ ಮರೆಯಲ್ಲಿ ಅಜ್ಜಿಯ ಪೆನ್ಸಿಲ್ ಗಸಗಸ ಉಜ್ಜುವುದು ಕೇಳುತ್ತಿತ್ತು. ನಾನು ನಿಧಾನವಾಗಿ, ಅಂಚು ದಾಟದಂತೆ, ಆಕೆಯ ಸುತ್ತನ್ನು ತುಂಬಿದೆ. ಇಬ್ಬರೂ ಕಾಗದ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆವು. ಬಸ್ಸು ಬರುವ ತನಕ ಅಜ್ಜಿಯ ಜೊತೆ ನಿಂತಿದ್ದೆ. ಅವಳು ತನ್ನ ಬೆರಳುಗಳನ್ನು ಬಿಚ್ಚಿ ಮುಚ್ಚಿ ಮಾಡುತ್ತಾ, "ಎಷ್ಟೊತ್ತು ತೇಲಿದೆ ನಾ?" ಎಂದು ಕೇಳಿದಳು. "ಭಾಳ ಹೊತ್ತು," ಎಂದೆ.

ಸಂಜೆ ಎಣಿಕೆ ಇನ್ನೂ ಶುರುವಾಗಿರಲಿಲ್ಲ. ಕಸದ ಡಬ್ಬಿಯನ್ನು ಬೀದಿಗೆ ಎಳೆದುಕೊಂಡು ಹೋದಾಗ ಪಕ್ಕದ ಮನೆಯ ಮುದುಕರೂ ತಮ್ಮದನ್ನು ತಂದಿಡುತ್ತಿದ್ದರು. ಹಿಡಿಕೆಯನ್ನು ರಸ್ತೆಯ ಕಡೆಗೆ ತಿರುಗಿಸಿ ಸರಿ ಮಾಡುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು:

"ನಿಮ್ಮಾಕಿಗೇ ಹಾಕಿ ಬಂದೆ. ವಾರದಾಗ ಅದೊಂದ ತಾಸು ನೋಡ್ರಿ, ನನ್ನ ಹೆಂಡ್ತಿ ನನ್ನ ಬಿಟ್ಟು ಹೋಗೂದು. ಇನ್ನ ಮ್ಯಾಲ ಜೋಡೀಲೇ ಹೋಗ್ಲಿಕ್ಕೆ ಬರ್ತದ."