ತುಟಿಗೆ ಬಂದ ಬೀಡಿ

ಈರುಳ್ಳಿ ಗೊಂಚಲು ಹೆಣೆಯಲು ಎರಡೂ ಕೈ ಬೇಕು. ಒಣಗಿದ ಸೊಪ್ಪನ್ನು ಜಡೆಯಂತೆ ಬಿಗಿಯುವಾಗ ಒಂದು ಕೈ ಬಿಟ್ಟರೂ ಎಲ್ಲ ಸಡಿಲ. ಹಾಗಾಗಿ ಧಾರೇಶ್ವರದ ಹತ್ತಿರ ಹೆದ್ದಾರಿ ಬದಿಯ ನಮ್ಮ ಚಪ್ಪರದಲ್ಲಿ ನನ್ನ ಬೀಡಿ ಹಚ್ಚುವವಳು ಹೆಂಡತಿ. ಚಹಾದ ಒಲೆಯಲ್ಲಿ ಹಚ್ಚಿ ನನ್ನ ತುಟಿಗಿಡುತ್ತಿದ್ದಳು. ಮದುವೆಯಾದ ವರ್ಷದಿಂದ ನಡೆದುಬಂದ ಪದ್ಧತಿ.

ಈ ಬೇಸಿಗೆಯಲ್ಲಿ ಒಬ್ಬನೇ ಕುಮಟಾಕ್ಕೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡೆ. ಮೂರು ದಿನ ಬೀಡಿ ಮುಟ್ಟಬಾರದು, ಗಾಯದಲ್ಲಿ ಕಟ್ಟಿದ ರಕ್ತದ ಹೆಪ್ಪು ಎದ್ದುಹೋಗುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಮನೆಗೆ ಬಂದು ಗಂಜಿ ತಣ್ಣಗಿರಲಿ ಎಂದೆ, ಮಾತ್ರೆ ತೋರಿಸಿದೆ, ಬೀಡಿಯ ಮಾತು ಮಾತ್ರ ನುಂಗಿಕೊಂಡೆ. ಹೇಳಿದರೆ ಮೂರು ದಿನಕ್ಕಲ್ಲ, ಈ ಜನ್ಮಕ್ಕೇ ನಿಲ್ಲಿಸಿಬಿಡುತ್ತಾಳೆಂಬ ಭಯ. ಮರುದಿನ ಹೆಣೆಯಲು ಕೂತಾಗ ಬೀಡಿ ತುಟಿಗೆ ಬಂತು. ಬೇಡ ಎನ್ನಲಿಲ್ಲ. ಹಲ್ಲು ಕಿತ್ತದ್ದು ಬಲಗಡೆ, ಎಡಗಡೆಯಿಂದ ಎಳೆದರೆ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಬುದ್ಧಿವಂತ ನಾನು.

ಮೂರನೆಯ ದಿನ ನೋವು ಕಿವಿಗೆ ಏರಿತು. ಬಾಯಿಯ ವಾಸನೆ ನನಗೇ ಹೇಸಿಗೆ. ಕನ್ನಡಿ ಹಿಡಿದು ನೋಡಿದರೆ ಹಲ್ಲು ಕಿತ್ತ ಗುಂಡಿಯ ತಳದಲ್ಲಿ ಬೆಳ್ಳಗೆ ಏನೋ ಕಂಡಿತು. ದೊಡ್ಡ ಕಾಯಿಲೆಯೇ ಇರಬೇಕೆಂದು ಹೆದರಿದೆ. ಗಿರಾಕಿಗಳು ಕಾರು ನಿಲ್ಲಿಸಿ ದರ ಕೇಳಿದರೆ ಉತ್ತರ ಹೊರಡದು. ಕೊನೆಗೆ ಹೆಂಡತಿಯೇ ನನ್ನನ್ನು ಕುಮಟಾದ ಬಸ್ಸು ಹತ್ತಿಸಿದಳು, ದಾರಿಯುದ್ದಕ್ಕೂ ಮೊಣಕೈ ಹಿಡಿದು ಕೂತಿದ್ದಳು.

ಬೀಡಿ ಸೇದಿದಿರಾ ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಅವಳಿಗೇನು ಗೊತ್ತು, ದಿನಕ್ಕೆ ನಾಲ್ಕೋ ಐದೋ ನಾನೇ ಹಚ್ಚಿಕೊಟ್ಟಿದ್ದೇನೆ ಎಂದುಬಿಟ್ಟಳು. ಹೆಪ್ಪು ಹೋಗಿ ಎಲುಬು ಬಯಲಾಗಿದೆ, ಬೇರೆ ಕಾಯಿಲೆಯೇನಿಲ್ಲ, ಬೇಡವೆಂದು ಅಷ್ಟು ಹೇಳಿ ಕಳಿಸಿದ್ದೆನಲ್ಲ ಎನ್ನುತ್ತ ಡಾಕ್ಟರು ಗಾಯ ತೊಳೆದು ಔಷಧ ತುಂಬಿದರು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವಳತ್ತ ನೋಡಿದೆ, ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಬಸ್‌ಸ್ಟ್ಯಾಂಡಿನವರೆಗೆ ಅವಳು ಮುಂದೆ ಮುಂದೆ ನಡೆದಳು. ಬೆಂಚಿನ ಮೇಲೆ ಕೂತ ಮೇಲೆ ಮೆಲ್ಲಗೆ ಹೇಳಿದಳು: "ಕದ್ದು ಸೇದಿದ್ರೆ ಸಿಟ್ಟು ಬರ್ತಿತ್ತು, ಅಷ್ಟೇ. ನನ್ನ ಕೈಯಲ್ಲೇ ಎಂತಕ್ಕೆ ಮಾಡಿಸ್ದ್ರಿ?"

ಗಾಯ ಎರಡು ವಾರದಲ್ಲಿ ಮಾಯಿತು, ಬೀಡಿಯೂ ಬಿಟ್ಟುಹೋಯಿತು. ಆದರೂ ಗೊಂಚಲು ಕೈಗೆತ್ತಿಕೊಂಡರೆ ತುಟಿ ತಾನಾಗಿ ತೆರೆಯುತ್ತದೆ. ಅವಳು ಚಹಾದ ಲೋಟವನ್ನೂ ಈಗ ನನ್ನ ಕೈಗೆ ಕೊಡುವುದಿಲ್ಲ, ಪಕ್ಕದಲ್ಲಿ ನೆಲದ ಮೇಲಿಟ್ಟು ಹೋಗುತ್ತಾಳೆ.