ಅಟ್ಟದ ಮೇಲಿನ ಗಾಜಿನ ನಳಿಕೆ

ಊರಿನ ಶಾಲೆಯ ಹೆಡ್‌ಮೇಷ್ಟ್ರು ನನಗೆ ಭಾಷಣದ ವಿಷಯ ಕೊಟ್ಟಿದ್ದಾರೆ: ‘ಸಮಾಜದ ಭವಿಷ್ಯ ರೂಪಿಸುವಲ್ಲಿ ವಿಜ್ಞಾನದ ಪಾತ್ರ’. ಆಯುಷ್ಯವೆಲ್ಲ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳಿಗೆ ಇದೇನು ಮಹಾ ಅನ್ನಬೇಡಿ. ಬೆಳಗಿನಿಂದ ಕೂತರೂ ಮೊದಲ ಸಾಲೇ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಸಾಕಾಗಿದೆ. ಬೇಸರ ಕಳೆಯಲೆಂದು ಕೊಬ್ಬರಿ ಅಟ್ಟ ಗುಡಿಸಲು ಹತ್ತಿದೆ. ಮೂಲೆಯಲ್ಲಿ ಮಸಿ ಹಿಡಿದ ಸಣ್ಣದೊಂದು ಗಾಜಿನ ನಳಿಕೆ ಸಿಕ್ಕಿತು. ಮೂಸಿದರೆ ಇನ್ನೂ ತೆಂಗಿನ ಮಟ್ಟೆಯ ಹೊಗೆ ವಾಸನೆ.

ಅದು ನಮ್ಮತ್ತೆ ಇಟ್ಟದ್ದು. ಅವರಿಗೆ ಅಟ್ಟವೆಂದರೆ ಬ್ಯಾಂಕಿನ ಲಾಕರಿದ್ದ ಹಾಗೆ. ವರ್ಷವಿಡೀ ಕಾಯಿ ಕೆಡದೆ ಕೊಬ್ಬರಿಯಾಗುವ ಜಾಗದಲ್ಲಿ ಬೇರೇನು ಕೆಟ್ಟೀತು ಎಂಬುದು ಅವರ ವಾದ. ಬಿತ್ತನೆ ರಾಗಿ, ನನ್ನ ಮದುವೆ ಸೀರೆ, ಮಗನ ಮಾರ್ಕ್ಸ್ ಕಾರ್ಡು, ಎಲ್ಲವೂ ಅಲ್ಲಿಗೇ. ಆ ಕಾರ್ಡು ಇವತ್ತಿಗೂ ಹೊಗೆ ನಾರುತ್ತದೆ.

ಆ ವರ್ಷ ಕಪ್ಪುತಲೆ ಹುಳು ಬಿದ್ದು ತೋಟದ ಗರಿಗಳೆಲ್ಲ ಸುಟ್ಟಂತಾಗಿದ್ದವು. ಇನ್ನೊಂದು ಸುತ್ತು ಹುಳು ಎದ್ದರೆ ಮರಗಳು ಉಳಿಯುವಂತಿರಲಿಲ್ಲ. ಹುಳುವನ್ನು ಕೊಲ್ಲುವ ಮಿತ್ರಕೀಟಗಳನ್ನು ನಾನು ತಿಪಟೂರಿನಿಂದ ಈ ನಳಿಕೆಯಲ್ಲಿ ತಂದು, ಅತ್ತೆಗೆ ದೊಡ್ಡ ಪಾಠವನ್ನೇ ಮಾಡಿದೆ. ಸಂಜೆ ಮರಕ್ಕೆ ಬಿಡೋಣ, ಅಲ್ಲಿಯವರೆಗೆ ಜೋಪಾನ ಎಂದು ಹೇಳಿ ಶಾಲೆಗೆ ಹೋದೆ. ಜೋಪಾನ ಎಂದರೆ ಅತ್ತೆಗೆ ಇದ್ದದ್ದು ಒಂದೇ ಜಾಗ. ಸೋನೆ ಹಿಡಿದ ದಿನ ಬೇರೆ. ಕಾಯಿಗೆ ಬೂಸ್ಟು ಬಾರದಿರಲೆಂದು ಎಂದಿನಂತೆ ಅಟ್ಟದ ಕೆಳಗೆ ಮಟ್ಟೆಗೆ ಬೆಂಕಿ ಹಾಕಿದರು. ಸಂಜೆ ನೋಡಿದರೆ ನಳಿಕೆಯಲ್ಲಿ ಒಂದು ಕೀಟವೂ ಅಲುಗಲಿಲ್ಲ.

“ಜೀವ ಇರೋದನ್ನ ಹೊಗೆಗೆ ಇಟ್ಬುಟ್ನಲ್ಲಮ್ಮ” ಎಂದರು ಅತ್ತೆ. ನನಗೆ ರೇಗಲೂ ಶಕ್ತಿಯಿರಲಿಲ್ಲ. ಅವರು ಸೆರಗು ಹೊದ್ದು ಪಕ್ಕದ ತೋಟದ ರಂಗಪ್ಪನ ಮನೆಗೆ ಹೊರಟರು; ಅವನೂ ತಿಪಟೂರಿನಿಂದ ಅದೇ ಕೀಟ ತಂದಿದ್ದ. ಬದುವಿನ ಜಗಳದಲ್ಲಿ ಎರಡೂ ಮನೆಗಳಿಗೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

“ರಂಗಪ್ಪ, ನಿನ್ ಹುಳ ಬುಡುವಾಗ ಬದದ ಸಾಲಿಗೂ ಒಂದಷ್ಟು ಬುಡಪ್ಪ. ನಮ್ಮವು ನನ್ ಕೈಲೇ ಸತ್ತೋದ್ವು.”

ರಂಗಪ್ಪ ಜಗಲಿಯ ಮೇಲೆ ಚಾಪೆ ಕೊಡವಿ ಹಾಸಿದ. “ಹುಳಕ್ಕೇನು ಬದ ಗೊತ್ತೇನಕ್ಕ? ನಮ್ಮಲ್ಲಿ ಬುಟ್ರೆ ನಿಮ್ಮಲ್ಲಿಗೂ ಬತ್ತವೆ. ಕೂತ್ಕಳಿ, ಕಾಪಿ ಕುಡ್ಕಂಡ್ ಹೋಗಿ.”

ಮರಗಳು ಉಳಿದವು. ಎಲ್ಲವೂ ಅಲ್ಲ, ಮುಕ್ಕಾಲುಪಾಲು. ಆ ಕೀಟದ ಗುಣ ಕಂಡುಹಿಡಿದವರಿಗೆ ನಾನು ಋಣಿ. ಅದು ನಮ್ಮ ತೋಟಕ್ಕೆ ಬಂದ ದಾರಿಯನ್ನು ಮಾತ್ರ ನಾನು ಯಾವ ತರಗತಿಯಲ್ಲೂ ಹೇಳಲಿಲ್ಲ, ಪಠ್ಯದಲ್ಲಿ ಇರಲಿಲ್ಲವಲ್ಲ.

ಈಗ ತೆಂಗಿಗೆ ಬಿಳಿನೊಣದ ಕಾಟ ಬಂದಿದೆ. ಔಷಧಿ ಹೊಡೆದರೆ ಮಿತ್ರಕೀಟಗಳೂ ಸಾಯುತ್ತವೆ, ಹೊಡೆಯಬೇಡಿ ಎಂದು ತಿಳಿದವರು ಹೇಳಿಹೋದರು. ನಾನು ಹೊಡೆಸಿಲ್ಲ. ರಂಗಪ್ಪನ ಮಗ ಶಿವಣ್ಣ ಇವತ್ತೇ ಹೊಡೆಸುತ್ತಾನಂತೆ. ಅವನಿಗೂ ನಮಗೂ ಮಾತಿಲ್ಲ, ಕಾರಣ ಅದೇ ಬದು. ಅತ್ತೆ ಹೋದರು, ರಂಗಪ್ಪ ಹೋದ, ಬದು ಮಾತ್ರ ಗಟ್ಟಿಯಾಗಿದೆ. ಕಲಿತದ್ದನ್ನೇ ಎಷ್ಟು ಸಲ ಮೊದಲಿಂದ ಕಲಿಯುವುದು ಎಂದು ಆಯಾಸವಾಗುತ್ತದೆ.

ಭಾಷಣದ ಹಾಳೆಯನ್ನು ಹಾಗೇ ಬಿಟ್ಟು, ನಳಿಕೆ ಹಿಡಿದು ಬದು ದಾಟಿದೆ. ಶಿವಣ್ಣ ಔಷಧಿ ಬೆರೆಸಲು ಡ್ರಮ್ಮಿಗೆ ನೀರು ಬಿಟ್ಟುಕೊಂಡು ನಿಂತಿದ್ದ.

“ಏನ್ ಟೀಚರಮ್ಮ, ಬದದ್ ವಿಸ್ಯನಾ?”

“ಅಲ್ಲ ಕಣಪ್ಪ, ಹುಳದ್ದು. ನಮ್ಮತ್ತೆ ನಿಮ್ಮಪ್ಪನ ಹತ್ರ ಬಂದಿದ್ರಲ್ಲ, ಹಂಗೇ ಬಂದಿದೀನಿ” ಎಂದು ನಳಿಕೆಯನ್ನು ಅವನ ಒದ್ದೆ ಕೈಗಿಟ್ಟೆ.

ಅವನು ಅದನ್ನು ಮೂಸಿ ನೋಡಿದ. ಆಮೇಲೆ ಬಗ್ಗಿ, ಡ್ರಮ್ಮು ಅರ್ಧ ತುಂಬಿರುವಾಗಲೇ ನಲ್ಲಿ ನಿಲ್ಲಿಸಿದ.