ಊದಿನಕಡ್ಡಿಯದಲ್ಲದ ವಾಸನೆ

ತೀರಿಕೊಂಡ ಗಂಡನ ಹಳೆಯ ಹೈಬ್ರಿಡ್ ಕಾರನ್ನು ಈಗ ನಾನೇ ಓಡಿಸಿಕೊಂಡು ಪಾಠ ಮಾಡಲು ಶಾಲೆಗೆ ಹೋಗುತ್ತೇನೆ. ಅದರ ಹೊಗೆಯಲ್ಲಿ ಬೆಲ್ಲದ ಪಾಕದಂಥ ವಾಸನೆ ಬರತೊಡಗಿತು. ಬ್ಯಾಟರಿಯಲ್ಲಿ ಓಡುವಾಗ ಇಲ್ಲ, ಪೆಟ್ರೋಲ್ ಎಂಜಿನ್ ಶುರುವಾದಾಗ ಮಾತ್ರ. ಮನಗೂಳಿಯ ಮೆಕ್ಯಾನಿಕ್‌ಗೆ ಇದನ್ನು ಎರಡು ಸಲ ಹೇಳಿದೆ. ಆತ ಬಾನೆಟ್ ಕೂಡ ಎತ್ತಲಿಲ್ಲ.

“ಶುಕ್ರವಾರ ಗಾಡಿಗೆ ಊದಿನಕಡ್ಡಿ ಹಚ್ಚಿರ್ತೀರಿ ಅಕ್ಕೋರ, ಅದರ ವಾಸನಿ. ಯಜಮಾನರನ್ನ ಕಳಸ್ರಿ, ಅವರಿಗೆ ತಿಳಿಸಿ ಹೇಳ್ತೇನಿ.”

“ಅವರು ಹೋದಾಗಿಂದ ಈ ಗಾಡಿಗೆ ಪೂಜಿನೇ ಮಾಡಿಲ್ರಿ,” ಎಂದೆ. “ಎಂಜಿನ್ ತಣ್ಣಗಿಡೋ ಕೂಲಂಟ್ ಡಬ್ಬಿ ನೋಡ್ರಿ. ನಿನ್ನೆ ತುಂಬಿಸೇನಿ.”

ನೋಡಿದ. ಡಬ್ಬಿ ಖಾಲಿಯಾಗಿತ್ತು.

“ಹೆಡ್ ಗ್ಯಾಸ್ಕೆಟ್ ಹೋಗೈತ್ರಿ! ಕೂಲಂಟ್ ಎಂಜಿನ್‌ದಾಗ ಸುಡಾಕತ್ತೈತಿ. ಇನ್ನೊಂದು ವಾರ ಓಡಿಸಿದ್ರ ಎಂಜಿನ್ನೇ ಹೋಗ್ತಿತ್ತು. ಮೊದಲ ಹೇಳಬಾರದೇನ್ರಿ?”

ನನ್ನ ತರಗತಿಯಲ್ಲಿ ಹೇಳಿದ್ದಕ್ಕೆ ಕಿವಿಗೊಡದ ಇಂಥವರನ್ನು ಮೊದಲ ಬೆಂಚಿಗೆ ಕರೆದು ಕೂರಿಸುತ್ತೇನೆ.